ಸೀನಿದವನ ಹಕ್ಕು

ಕಾಳಿಂಗಿ ರಾಣಿಯನ್ನು ಸುಹಾಸ ಜೈಲಿಗೆ ಹಾಕಿದ್ದು ದೀಪಾವಳಿ ರಜೆಯಲ್ಲಿ. ಬೇಸಿಗೆ ರಜೆ ಬಂದರೂ ಬಿಟ್ಟಿರಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ ಎಂದು ನಾನಂತೂ ಹರಸುವವಳಲ್ಲ, ಏಕೆಂದರೆ ಆಟದ ಕಾಳಿಂಗಿ ಅಂದರೆ ನಾನೇ, ಸಮೃದ್ಧಿ.

ಸುಹಾಸ ನನ್ನ ಸೋದರತ್ತೆಯ ಮಗ. ನನಗಿಂತ ಒಂದೇ ವರ್ಷ ದೊಡ್ಡವನಾದರೂ ನನ್ನನ್ನು ಹೆತ್ತವನ ಹಾಗೆ ಆಡುತ್ತಿದ್ದ. ಎರಡು ಸಾವಿರದ ಎರಡರಲ್ಲಿ ಹುಬ್ಬಳ್ಳಿಗೆ ಹೋದವನು ಅಲ್ಲಿನ ಇಂಟರ್ನೆಟ್ ಅಂಗಡಿಯಿಂದ ಒಂದು ಆಟದ ನಿಯಮಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದ. ಎಲ್ಲರೂ ಸೇರಿ ಒಂದು ಲೋಕವನ್ನು ಕಲ್ಪಿಸಿಕೊಳ್ಳಬೇಕು, ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು. ನನ್ನ ಪಾತ್ರ ಹೀಗೆ ಮಾಡುತ್ತದೆ ಎಂದು ಬಾಯಲ್ಲಿ ಹೇಳಿ ಕವಡೆ ಹಾಕಬೇಕು. ಆಮೇಲೆ ಏನಾಯಿತು ಎಂದು ಸೂತ್ರಧಾರ ಹೇಳುತ್ತಾನೆ. ಪ್ರಿಂಟ್ ತಂದವನು ಅವನಾದ್ದರಿಂದ ಸೂತ್ರಧಾರನೂ ಅವನೇ. ನಮ್ಮ ಲೋಕಕ್ಕೆ ಝಂಝಾದ್ವೀಪ ಎಂದು ಹೆಸರಿಟ್ಟಿದ್ದೂ ಅವನೇ. ಹೆಸರು ಕೇಳಿದರೇ ಗೊತ್ತಾಗುತ್ತದೆ ಅಲ್ಲವೇ, ಎಂಥ ಜಂಬ!

ಆಡುತ್ತಿದ್ದದ್ದು ಯಲ್ಲಾಪುರದಲ್ಲಿ, ಮುನವ್ವರ್ ಚಾಚಾರ ಗ್ಯಾರೇಜಿನ ಹಿಂದೆ ಇಂಜಿನ್ ಬಿಚ್ಚಿಟ್ಟಿದ್ದ ಒಂದು ಹಳೇ ಟೆಂಪೊದೊಳಗೆ. ಅರಬೈಲ್ ಘಟ್ಟ ಹತ್ತಿ ಸುಸ್ತಾದ ಲಾರಿಗಳು ಮುಂದೆ ನಿಂತು ಗುಟುರು ಹಾಕುತ್ತಿದ್ದವು, ಹಿಂದೆ ನಾವು ಸಾಮ್ರಾಜ್ಯ ಕಟ್ಟುತ್ತಿದ್ದೆವು. ಚಾಚಾರ ಮಗ ಮೊಯಿನ್ ನನ್ನ ಕ್ಲಾಸಿನವನು. ಆಟದಲ್ಲಿ ಅವನು ಒಂಟೆ ವ್ಯಾಪಾರಿ. ಅವನ ಅಕ್ಕ ತಸ್ಲೀಮ್ ಮಂತ್ರವಾದಿ. ಡ್ರೈವರ್ ಸೀಟಿನಲ್ಲಿ ಸೂತ್ರಧಾರ ಕೂರುತ್ತಿದ್ದ.

ನಾನೋ, ಜೈಲಿನಲ್ಲಿ. ಉಳಿದವರು ಸಮುದ್ರ ದಾಟುತ್ತಿದ್ದರು, ನಿಧಿ ಅಗೆಯುತ್ತಿದ್ದರು. ನನ್ನ ಸರದಿ ಬಂದಾಗ ಸುಹಾಸ ಹಾಳೆಯಿಂದ ತಲೆಯನ್ನೂ ಎತ್ತದೆ, "ಕಾಳಿಂಗಿ ಜೈಲಲ್ಲಿದ್ದಾಳೆ. ಮುಂದೆ," ಅನ್ನುತ್ತಿದ್ದ. ತಪ್ಪಿಸಿಕೊಳ್ಳಲು ಕವಡೆ ಹಾಕಿದರೆ ಬೀಗ ಮಂತ್ರದ್ದು ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ರಾತ್ರಿ ಕನಸಿನಲ್ಲೂ ಅವನ ಕಿವಿ ಹಿಂಡುತ್ತಿದ್ದೆ.

ಅಷ್ಟರಲ್ಲಿ ಮೊಯಿನ್ ಒಂದು ಒಳ್ಳೇ ಕೆಲಸ ಮಾಡಿದ. ಅವನ ಒಂಟೆ ವ್ಯಾಪಾರಿ ದಾರಿಯಲ್ಲಿ ಸಿಕ್ಕಿದ ಸನ್ಯಾಸಿಯನ್ನು, "ಸ್ವಾಮಿ, ಈ ಲೋಕ ಹುಟ್ಟಿದ್ದು ಹೇಗೆ?" ಎಂದು ಕೇಳಿಬಿಟ್ಟ. ಸನ್ಯಾಸಿಯ ಪರವಾಗಿ ಉತ್ತರ ಕೊಡಬೇಕಾದ ಸುಹಾಸ ಬ್ಬೆಬ್ಬೆಬ್ಬೆ ಅಂದ. ಒಂದು ವರ್ಷ ಆಡಿದ್ದೆವು, ಲೋಕಕ್ಕೆ ಹುಟ್ಟೇ ಇರಲಿಲ್ಲ! ತಸ್ಲೀಮ್ ಅಕ್ಕ ತೀರ್ಮಾನ ಕೊಟ್ಟಳು: "ನಾಲ್ಕೂ ಜನ ಒಂದೊಂದು ಕಥೆ ತನ್ನಿ. ಯಾರ ಕಥೆ ಒಪ್ಪಿಗೆ ಆಗ್ತದೋ ಮುಂದಿನ ವರ್ಷ ಅವರೇ ಸೂತ್ರಧಾರ."

ನಾನು ಗೆದ್ದರೆ ಕಾಳಿಂಗಿಗೆ ಬಿಡುಗಡೆ. ಸುಹಾಸ ಗೆದ್ದರೆ ಇನ್ನೊಂದು ವರ್ಷ ಅದೇ ಕತ್ತಲೆಕೋಣೆ.

ಮುಂದಿನ ಭಾನುವಾರ ಕಥೆಗಳು ಬಂದವು. ಮೊಯಿನನ ಪ್ರಕಾರ, ದೇವಲೋಕದ ಲಾರಿಯೊಂದು ಘಟ್ಟದ ತಿರುವಿನಲ್ಲಿ ಓಲಾಡಿ ಕೆಳಗೆ ಚೆಲ್ಲಿದ ಲೋಡೇ ಲೋಕ. ತಸ್ಲೀಮ್ ಅಕ್ಕನದರಲ್ಲಿ ಲೋಕವೇ ಹಳೇ ಬಟ್ಟೆ ತುಂಡುಗಳ ಮುಗಿಯದ ಕೌದಿ, ಒಂದು ಮೂಲೆ ಇನ್ನೂ ಹೊಲಿಯುತ್ತಿದ್ದಾರೆ. ನನ್ನದರಲ್ಲಿ ಆದಿಶಕ್ತಿಯೊಬ್ಬಳು ಪೆಟ್ಟಿಗೆಯ ಬೀಗ ಒಡೆದಳು, ಹೊರಗೆ ಬಂದದ್ದೇ ಲೋಕ. ಆದ್ದರಿಂದ ಆ ಲೋಕದಲ್ಲಿ ಬೀಗ ಹಾಕುವುದು ಮಹಾಪಾಪ. ಹೌದು, ಸ್ವಾರ್ಥ ಸ್ವಲ್ಪ ಎದ್ದು ಕಾಣುತ್ತಿತ್ತು. ಸುಹಾಸನ ಕಥೆಯಲ್ಲಿ ಕತ್ತಲೆಯಲ್ಲಿ ಕೂತ ದೈತ್ಯನೊಬ್ಬ ಸೀನಿದ. ಅದರಿಂದ ಹಾರಿದ್ದೇ ನಕ್ಷತ್ರ, ಬೆಟ್ಟ, ಮನುಷ್ಯರು.

"ಅಂದ್ರೆ ನಾವೆಲ್ಲ ಸಿಂಬಳ!" ಎಂದೆ.

"ನೀನು ಹೌದು," ಎಂದ.

ಮತ ಹಾಕಿದೆವು. ನಾಲ್ಕು ಕಥೆಗೂ ಒಂದೊಂದೇ ಮತ. ಇನ್ನೇನು ಕೂದಲು ಹಿಡಿಯುವ ಹೊತ್ತಿಗೆ ನಮ್ಮ ಅಜ್ಜ ಟೆಂಪೊದ ಬಾಗಿಲಲ್ಲಿ ತಲೆ ತೂರಿಸಿದ. ಅಜ್ಜ ಶಾಂತಾರಾಮ, ನನಗೂ ಸುಹಾಸನಿಗೂ ಒಬ್ಬನೇ ಅಜ್ಜ, ಸ್ಕೂಟರಿನ ಬ್ರೇಕು ಸರಿ ಮಾಡಿಸಲು ಬಂದಿದ್ದ. ತಾಳಮದ್ದಳೆಯೆಂದರೆ ಊಟ ಬಿಡುವ ಆಸಾಮಿ. ವೇಷವಿಲ್ಲದೆ ಕೂತಲ್ಲೇ ಪಾತ್ರವಾಗಿ ಮಾತಿನಲ್ಲಿ ಯುದ್ಧ ಮಾಡುವುದೇ ಅವನಿಗೆ ಜೀವ. ಜಗಳದ ಮೂಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ವೋಟು ಹಾಕಿ ಲೋಕ ಹುಟ್ಸದು ಎಲ್ಲಾದ್ರೂ ಇದ್ದನ? ಅರ್ಥ ಹೇಳಿ ಗೆಲ್ಲವು. ಆದ್ರೆ ಅವರವರ ಪಾತ್ರ ಅವರೇ ಆರ್ಸ್ಕಂಬಲೆ ಇಲ್ಲೆ. ಚೀಟಿ ಎತ್ತಿ. ಬಂದ ಕಥೆ ಪರವಾಗಿ ಮಾತಾಡವು. ಆನು ತೀರ್ಪು ಹೇಳ್ತೆ."

ಅಂದರೆ ಮಾತಿನಲ್ಲೇ ಗೆಲ್ಲಬೇಕು, ಅದೂ ಚೀಟಿಯಲ್ಲಿ ಬಂದ ಕಥೆಗಾಗಿ; ತೀರ್ಪು ಅಜ್ಜನದು. ಖಾಲಿ ಗ್ರೀಸ್ ಡಬ್ಬಿಯಲ್ಲಿ ಚೀಟಿ ಕುಲುಕಿದೆವು. ನನ್ನದನ್ನು ಬಿಚ್ಚಿದೆ. ಸೀನು! ಹಣೆ ಚಚ್ಚಿಕೊಂಡೆ. ನನ್ನ ಬೀಗ ಮೊಯಿನನ ಪಾಲಾಯಿತು, ಲಾರಿ ತಸ್ಲೀಮ್ ಅಕ್ಕನಿಗೆ, ಕೌದಿ ಸುಹಾಸನಿಗೆ.

ಮೊಯಿನ್ ನನ್ನ ಕಥೆಯನ್ನು ಬಹಳ ನಿಷ್ಠೆಯಿಂದ ಕೊಂದ. "ಪೆಟ್ಟಿಗೆಗೆ ಬೀಗ ಹಾಕಿದ್ದು ಯಾರು?" ಎಂದು ಅವನಕ್ಕ ಕೇಳಿದ್ದಕ್ಕೆ, "ತಡಿ, ಸಮೃದ್ಧಿನ ಕೇಳಿ ಹೇಳ್ತೇನೆ," ಅಂದ. ತಸ್ಲೀಮ್ ಅಕ್ಕ ಲಾರಿಯ ಪರವಾಗಿ ಚೆನ್ನಾಗಿಯೇ ಹೊರಟಳು, ಆದರೆ ಡ್ರೈವರ್ ಯಾರು ಎಂದಾಗ ಅಪ್ಪನ ಹೆಸರು ಹೇಳಿಬಿಟ್ಟಳು. ಸುಹಾಸ ಮಹಾ ಕಳ್ಳ. ಕೌದಿಯನ್ನು ಹೊಗಳುತ್ತ ಹೊಗಳುತ್ತ, "ಹೊಲಿಗೆ ಸ್ವಲ್ಪ ಸಡಿಲ, ತೊಳೆದರೆ ಬಿಚ್ಚಿಹೋಗ್ತದೆ," ಎಂದು ತಾನೇ ಹರಿದು ಕೂತ.

ಓಹೋ, ಹೀಗಾ ಲೆಕ್ಕ! ನಾನೂ ಸೀನನ್ನು ಕೆಡಿಸಬೇಕು ಎಂದುಕೊಂಡೆ. ಎದ್ದು ನಿಂತು, "ಒಬ್ಬ ದೈತ್ಯ ಇದ್ದ. ನೆಗಡಿ ಆಗಿತ್ತು. ಸೀನಿದ. ಅಷ್ಟೇ," ಎಂದು ಕೂರಲು ಹೊರಟೆ.

ಆಗ ಸುಹಾಸ ನನ್ನ ಕಡೆ ಕಣ್ಣು ಮಾಡಿ ಮೆಲ್ಲಗೆ ಹೇಳಿದ: "ಬಿಡು ಅಜ್ಜ, ಅದರ ಹತ್ರ ಆಗ್ತಿಲ್ಲೆ. ಜೈಲಲ್ಲಿ ಕೂತೂ ಕೂತೂ ಬಾಯಿ ತುಕ್ಕು ಹಿಡದೋಯ್ದು."

ಬೇಕೆಂದೇ ಹೇಳಿದ್ದು. ನನ್ನ ಸಿಟ್ಟು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ. ನನ್ನ ಬಾಯಿಗೆ ತುಕ್ಕಂತೆ!

"ಕೇಳಿರಿ!" ಎಂದೆ. ಮುಂದೆ ರಿಪೇರಿ ಮಾಡುತ್ತಿದ್ದವರೂ ಸ್ಪ್ಯಾನರ್ ನಿಲ್ಲಿಸಿದರು. "ಕೌದಿ ಹೊಲಿದವಳಿಗೆ ಹೊಲಿದೆನೆಂಬ ಹೆಮ್ಮೆ. ಬೀಗ ಒಡೆದವಳಿಗೆ ಒಡೆದೆನೆಂಬ ಸೊಕ್ಕು. ಬೇಕೆಂದು ಸೀನಿದವರನ್ನು ಯಾರಾದರೂ ಕಂಡಿದ್ದೀರಾ? ಸೀನು ತಾನಾಗಿ ಬರುತ್ತದೆ. ದೊಡ್ಡವನೆಂದು ಕೇಳುವುದಿಲ್ಲ, ಸಭೆಯೆಂದು ಕಾಯುವುದಿಲ್ಲ. ಅಹಂಕಾರವೇ ಇಲ್ಲದೆ ಹುಟ್ಟಿದ ಲೋಕ ಇದೊಂದೇ! ಇನ್ನು, ಮನೆಯಿಂದ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ನಾವೇನು ಮಾಡುತ್ತೇವೆ? ಜಗಲಿಯಲ್ಲಿ ಕೂತು ಎರಡನೆಯದಕ್ಕೆ ಕಾಯುತ್ತೇವೆ. ಝಂಝಾದ್ವೀಪದ ಜನ ಹುಟ್ಟಿದಾಗಿನಿಂದ ಎರಡನೇ ಸೀನಿಗೆ ಕಾಯುತ್ತಿದ್ದಾರೆ. ಆ ಕಾಯುವ ಹೊತ್ತಿನಲ್ಲೇ ನಮ್ಮ ಯುದ್ಧ, ವ್ಯಾಪಾರ, ಮದುವೆ ಎಲ್ಲ!"

ಅಜ್ಜ ಟೆಂಪೊದ ತಗಡು ಬಡಿದು, "ಭಲೆ!" ಅಂದ. ಸುಹಾಸನ ಮುಖ ಹಂಡೆಯಷ್ಟು ಅರಳಿತ್ತು.

ಮೊಯಿನ್ ಬಿಡಲಿಲ್ಲ. "ಎಲ್ಲಾ ಸರಿ ಮಾರಾಯ್ತಿ, ಸೀನಿದ ಮೇಲೆ ದೈತ್ಯ ಎಲ್ಲಿ ಹೋದ? ಈ ಲೋಕದ ಮೇಲೆ ಅವನಿಗೇನು ಹಕ್ಕು?"

"ಹಕ್ಕೇ? ಸೀನಿದವನಿಗೆ ಸೀನಿನ ಮೇಲೆ ಎಂಥ ಹಕ್ಕು? ಹಾರಿದ್ದನ್ನು ಆರಿಸಿಕೊಂಡು ಬರಲು ಯಾರಾದರೂ ಹೋಗುತ್ತಾರೆಯೇ? ಮೂಗು ಒರೆಸಿಕೊಂಡು ಆ ಕಡೆ ತಿರುಗಿ ಕೂತ. ಕೂತೇ ಇದ್ದಾನೆ!"

ಗ್ಯಾರೇಜು ಗ್ಯಾರೇಜೇ ನಕ್ಕಿತು. ಅಜ್ಜ ಕಣ್ಣು ಒರೆಸಿಕೊಳ್ಳುತ್ತ, "ಸೀನಿಂದೇ ಗೆಲುವು," ಎಂದು ಸಾರಿದ.

ಚಪ್ಪಾಳೆ ಮುಗಿಯುವಷ್ಟರಲ್ಲಿ ನನಗೆ ಬುದ್ಧಿ ಬಂತು. ಗೆದ್ದವನು ಸುಹಾಸ. ನನ್ನ ಬಾಯಾರೆ ನಾನೇ ಗೆಲ್ಲಿಸಿದ್ದೆ. ಅವನೆದುರು ಅಳಬಾರದೆಂದು ಕಿಟಕಿಯ ರಬ್ಬರು ಕೀಳುತ್ತ ನಿಂತೆ.

ಸುಹಾಸ ಡ್ರೈವರ್ ಸೀಟಿಗೆ ಏರಿ ಕಾಲು ಮೇಲೆ ಕಾಲು ಹಾಕಿದ. "ಮೊದಲನೇ ಅಪ್ಪಣೆ. ಕಾಳಿಂಗಿ ಜೈಲಲ್ಲೇ ಇರ್ತಾಳೆ."

"ಯಾವ ಹಕ್ಕಿನ ಮೇಲೆ?" ಅಂದ ಮೊಯಿನ್.

"ಎಂಥ ಯಾವ ಹಕ್ಕು? ಕಥೆ ನಂದು. ದೈತ್ಯ ಅಂದ್ರೆ ನಾನೇ."

"ದೈತ್ಯ ಆ ಕಡೆ ತಿರುಗಿ ಕೂತಿದಾನಲ್ಲ?"

ನಾನು ರಬ್ಬರು ಬಿಟ್ಟು ತಿರುಗಿದೆ. ಸುಹಾಸ ನನ್ನತ್ತ ಬೆರಳು ತೋರಿಸಿ ಅಜ್ಜನ ಮುಂದೆ ಕೂಗಾಡಿದ: "ಅಜ್ಜಾ, ಅದೆಲ್ಲ ಇದು ಸೇರ್ಸಿದ್ದು! ಆನು ಬರೆದದ್ರಲ್ಲಿ ಹಾಂಗೆ ಇಲ್ಲೆ!"

"ನೀ ಬರೆದದ್ದು ಆನು ಓದಿದ್ನೇ ಇಲ್ಲೆ ಅಪ್ಪಿ. ಗೆದ್ದದ್ದು ಕೂಸು ಹೇಳಿದ್ದು," ಎಂದು ಅಜ್ಜ ನನ್ನ ತಲೆ ತಟ್ಟಿ ಸ್ಕೂಟರ್ ನೋಡಲು ಹೊರಟುಹೋದ.

"ಏಳು ಸುಹಾಸ," ಅಂದಳು ತಸ್ಲೀಮ್ ಅಕ್ಕ. "ಸೀನಿದವನಿಗೆ ಹಕ್ಕಿಲ್ಲ. ಸೀಟು ಇನ್ನು ಸರದಿ ಪ್ರಕಾರ. ಇವತ್ತು ನಂದು."

ಅವಳು ಕೂತ ಕೂಡಲೇ ನಾನು ಕವಡೆ ಹಾಕಿದೆ. ಜೈಲಿನ ಬಾಗಿಲು ದಢಾರನೆ ಬಿತ್ತು. ಕಾಳಿಂಗಿ ಹೊರಗೆ ಬಂದಳು. ನಾನು ಸೀಟಿನ ಮೇಲೆ ಹತ್ತಿ ಕುಣಿದೆ, ತಲೆ ಟಾಪಿಗೆ ಬಡಿಯಿತು, ನೋವೇ ಆಗಲಿಲ್ಲ.

ಆಗ ಕಂಡಿತು, ಸುಹಾಸ ಹಿಂದಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಅವನಿಗೆ ಪಾತ್ರವೇ ಇರಲಿಲ್ಲ. ಕುಣಿಯುವುದನ್ನು ನಿಲ್ಲಿಸಿ, "ಎಂತ ಆತು?" ಎಂದೆ.

"ನೀ ಕಾಡು, ಸಮುದ್ರ ಹೇಳಿ ತಿರುಗ್ತಾ ಇದ್ದಿದ್ದೆ. ಆನು ಯಾವಾಗ್ಲೂ ಕವಡೆ ಎಣಿಸ್ತಾ ಕೂತಿದ್ದೆ," ಎಂದ. ನೆಲ ನೋಡುತ್ತಿದ್ದ. "ಅದ್ಕೇ ಜೈಲಿಗೆ ಹಾಕಿದ್ದು. ನೀನೂ ಒಂಚೂರು ಕೂತ್ಕಳ್ಳಲಿ ಹೇಳಿ."

ಮಂಗ! ಇಷ್ಟು ಹೇಳಲು ಇಷ್ಟು ದಿನ ಬೇಕಿತ್ತೇ? ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಪಾಪ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಕಾಳಿಂಗಿಗೆ ಕುದುರೆ ನೋಡ್ಕಂಬಲೆ ಒಬ್ಬ ಬೇಕು," ಎಂದೆ. "ಸಂಬಳ ಇಲ್ಲೆ. ಬೈಗುಳ ಇದ್ದು."

ಸುಹಾಸ ಮೂಲೆಯಿಂದ ಮುಂದಕ್ಕೆ ಸರಿದ.

"ಊಟ?"

"ಹಾಕ್ತೆ," ಎಂದು ಅವನ ಮುಂದೆ ಕವಡೆ ಇಟ್ಟೆ.