ನೆಂಟರಿಗಷ್ಟೇ ಹೀಟರ್

ಶಿಳ್ಳೆ ಹೊಡೆಯಲು ಇಂಟರ್‌ವಲ್‌ವರೆಗೆ ಕಾಯಬೇಡಿ. ಈ ಕಥೆಯ ಹೀರೋ ನಾನೇ, ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ತಹಮೀನಾ. ಚಳಿಯ ಬಾಯಿಂದ ನಾನಿಯನ್ನು ಎಳೆದುಕೊಂಡು ಬಂದವಳು!

ನಾನಿ ನನ್ನ ಅಮ್ಮನ ಅಮ್ಮ. ಹೋದ ಚಳಿಗಾಲ ಎದೆ ಕಟ್ಟಿ ಆಸ್ಪತ್ರೆ ಸೇರಿದ್ದಳು. ಮನೆ ಬೆಚ್ಚಗಿರದಿದ್ದರೆ ಮುಂದಿನ ಸಲ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಆದರೆ ಹೀಟರ್ ಉರಿಸುವ ಗ್ಯಾಸ್ ದುಬಾರಿ. ಗೋಡೆ ತುಂಬ ಕಪ್ಪು ಬೂಷ್ಟು.

"ಹೀಟರ್ ಹಾಕು ನಾನಿ."

"ಯಾರು ಬರ್ತಿದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಇನ್ನೊಂದು ಸ್ವೆಟರ್ ಹಾಕ್ಕೋ."

ನಮ್ಮ ಮನೆಯ ಹೀಟರ್ ಉರಿಯುವುದು ಮುಂದಿನ ಕೋಣೆಯಲ್ಲಿ, ಅದೂ ನೆಂಟರು ಬಂದರೆ. ನನ್ನ ತಲೆ ಓಡಿತು.

"ನಾನಿ, ಇಮಾಮರ ಹೆಂಡ್ತಿ ಬರ್ತಾರಂತೆ!"

ಕಟ್ ಮಾಡಿದರೆ, ಹೀಟರ್ ಧಗಧಗ. ನಾನಿ ಒಳ್ಳೆ ಸೀರೆ ಉಟ್ಟು, ಹಂದೇಶ್ ಎಂಬ ಬೆಲ್ಲದ ಸಿಹಿ ಕರಿದು, ಕಾದು ಕೂತಳು. ಆ ಸಂಜೆ ಕೆಮ್ಮಲೇ ಇಲ್ಲ. ನಾಲ್ಕು ದಿನ ನಾಲ್ಕು ಸುಳ್ಳು ನೆಂಟರು. ಅವರ ಪಾಲಿನ ಸಿಹಿ ನನ್ನ ಹೊಟ್ಟೆಗೆ.

ಐದನೇ ದಿನ ನಾನು ನಿಜವಾದ ನೆಂಟರನ್ನೇ ಕರೆತಂದೆ. ಆರೋಗ್ಯ ಕಾರ್ಯಕರ್ತೆ ರೆಹಾನಾ ಆಪಾ ಗೋಡೆ ನೋಡಿ ಹೇಳಿದರು:

"ನಾನಿ, ಮನೆ ಬೆಚ್ಚಗೆ ಮಾಡಿಸಿಕೊಡಿ ಅಂತ ಊರಿನ ಕೌನ್ಸಿಲ್‌ಗೆ ಅರ್ಜಿ ಹಾಕೋಣ. ಎದೆ ಕಾಯಿಲೆ ಇದೆ ಅಂತ ಗ್ಯಾಸ್ ಕಂಪನಿಗೂ ತಿಳಿಸೋಣ, ಅವರೂ ಸಹಾಯ ಮಾಡ್ತಾರೆ."

"ಭಿಕ್ಷೆ ಬೇಡೋದಾ? ಬೀದಿಯೋರು ಏನಂತಾರೆ? ನಂಗೆ ಇಂಗ್ಲಿಷೂ ಬರಲ್ಲ."

"ನಮ್ಮ ಭಾಷೆ ಬರೋರನ್ನ ಕೊಡಿ ಅಂತ ಕೇಳ್ಬಹುದು. ಇಪ್ಪತ್ತು ವರ್ಷ ಮಿಷನ್ ತುಳಿದು ಈ ದೇಶದೋರಿಗೆ ಕೋಟು ಹೊಲ್ದೋರು ನೀವು. ಅವರೆಲ್ಲ ಬೆಚ್ಚಗಿದ್ದು, ನೀವು ನಡುಗ್ತಾ ಕೂತ್ಕೋಬೇಕಾ?"

ನಾನಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಸಹಿ ಎಲ್ಲಿ ಹಾಕ್ಬೇಕು?"

ಮನೆಯನ್ನೆಲ್ಲ ಬಿಸಿ ಮಾಡುವ ಹೊಸ ಬಾಯ್ಲರ್ ಬಂತು, ಕಿಟಕಿಯ ಸಂದು ಮುಚ್ಚಿತು, ಬೂಷ್ಟು ಓಡಿತು. ಈ ಚಳಿಗಾಲ ನಾನಿ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ! ಈಗ ಹೀಟರ್ ಉರಿಯುವುದು ನಾನಿಗಾಗಿ. ನೆಂಟರು ಬಂದರೆ ಅವರ ಅದೃಷ್ಟ.

ನಿಮ್ಮ ಮನೆಯಲ್ಲೂ ಹಿರಿಯರು, ಹಸುಗೂಸು, ಉಬ್ಬಸದವರು ಚಳಿಯಲ್ಲಿ ಕೂತಿದ್ದಾರೆಯೇ? ಕೌನ್ಸಿಲ್‌ಗೂ ಗ್ಯಾಸ್ ಕಂಪನಿಗೂ ಇವತ್ತೇ ಫೋನ್ ಮಾಡಿ. ನಾಚಿಕೆ ಬೇಡ. ಸಹಾಯ ಕೇಳುವುದು ಭಿಕ್ಷೆಯಲ್ಲ.

ಇನ್ನು, ರೆಹಾನಾ ಆಪಾರನ್ನು ನಾನು ಕರೆತಂದೆ ಎಂದೆನಲ್ಲ, ಅದು ಬುರುಡೆ. ಐದನೇ ದಿನವೂ ಯಾರೂ ಬಾರದಿದ್ದಾಗ ನಾನಿಯೇ ಬಾಗಿಲು ತೆರೆದು, ಬೀದಿಯಲ್ಲಿ ಕರಪತ್ರ ಹಂಚುತ್ತಿದ್ದ ಅವರ ಕೈ ಹಿಡಿದು ಒಳಗೆಳೆದಳು.

"ಬಾ ಮಗಳೇ, ಸಿಹಿ ತಿನ್ನು. ನನ್ನ ಮೊಮ್ಮಗಳು ದಿನಾ ಸುಳ್ಳು ಹೇಳ್ತಾಳೆ. ನಾನೂ ದಿನಾ ನಂಬಿದ ಹಾಗೆ ಮಾಡ್ತೀನಿ. ಬೆಚ್ಚಗಿರುತ್ತಲ್ಲ!"

ನಾನು ಆಗ ಸೋಫಾದ ಹಿಂದೆ ಅಡಗಿದ್ದೆ.