ಎಸ್ಸೆಸ್ಸೆಲ್ಸಿಯಿಂದ ಶುರುವಾಗುವ ಫೈಲು

ಜಪಾನಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಬಿ.ಎಡ್. ಇದ್ದರೆ ಅನುಕೂಲವೇ ಎಂದು ಯಾರಾದರೂ ಕೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ. ಹದಿಮೂರು ವರ್ಷ ಮೈಸೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿದ, ಎಂ.ಎ.ಯಲ್ಲಿ ನಾಲ್ಕನೇ ರ್‍ಯಾಂಕ್ ಪಡೆದ, ಬಿ.ಎಡ್. ಮುಗಿಸಿದ ಅರುಂಧತಿ ಎಂಬ ನಾನು ಅವರನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳುತ್ತೇನೆ. ಸಮಾಧಾನ ಎಂದದ್ದು ಸುಳ್ಳು. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಾವು ಮೆಲ್ಬರ್ನ್‌ಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮ ಯಜಮಾನರು ಲಕ್ಷ್ಮೀಶ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಐಟಿ ಕೆಲಸದಲ್ಲಿದ್ದಾರೆ. ಇಲ್ಲಿನ ಶಾಲೆಯಲ್ಲಿ ಪಾಠ ಮಾಡಬೇಕಾದರೆ ಇನ್ನೂ ಎರಡು ವರ್ಷ ಓದಿ ಬನ್ನಿ ಎಂದು ನನಗೆ ಹೇಳಿದರು. ಮಗಳು ಚಿಕ್ಕವಳು, ಆಮೇಲೆ ನೋಡೋಣ ಎಂದುಕೊಂಡೆ. ಆ ಆಮೇಲೆ ಎಂಬುದು ಬರಲೇ ಇಲ್ಲ. ಎಂಟು ವರ್ಷದಿಂದ ಬಾಕ್ಸ್ ಹಿಲ್‌ನ ಚೈಲ್ಡ್‌ಕೇರ್ ಒಂದರಲ್ಲಿ ಡೈಪರ್ ಬದಲಾಯಿಸುತ್ತಿದ್ದೇನೆ, ಮೂಗು ಒರೆಸುತ್ತಿದ್ದೇನೆ, ಹಣ್ಣು ಹೆಚ್ಚಿ ಕೊಡುತ್ತಿದ್ದೇನೆ. ಅದಕ್ಕೆ ಎಜುಕೇಟರ್ ಎಂಬ ಹೆಸರು ಬೇರೆ ಇಟ್ಟಿದ್ದಾರೆ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವೇನು ಮಾಡಿಯಾವು. ಆದರೆ ಬೋರ್ಡಿನ ಮುಂದೆ ನಿಂತು, ನಲವತ್ತು ಮುಖಗಳಲ್ಲಿ ಒಂದಾದರೂ 'ಓ, ಹೀಗಾ' ಎಂದು ಅರಳುವುದನ್ನು ನೋಡಿ ಎಷ್ಟು ಕಾಲವಾಗಿತ್ತು. ವಯಸ್ಸು ನಲವತ್ತೆಂಟು. ಇನ್ನೊಂದು ಸಲ, ಒಂದೇ ಒಂದು ವರ್ಷವಾದರೂ ಸರಿ, ಟೀಚರ್ ಆಗಬೇಕು ಎನ್ನುವುದನ್ನು ಬಿಟ್ಟು ನನಗೆ ಬೇರೆ ಆಸೆ ಇರಲಿಲ್ಲ.

ಕಳೆದ ಮಾರ್ಚಿನಲ್ಲಿ ಆ ಜಾಹೀರಾತು ತೋರಿಸಿದವಳು ಮಗಳು ಸಿಂಚನಾ. ಅವಳಿಗೆ ಇಪ್ಪತ್ತೆರಡು. ಈವೆಂಟ್ ಮ್ಯಾನೇಜ್‌ಮೆಂಟ್ ಎಂಬುದನ್ನೇನೋ ಓದಿ ಮುಗಿಸಿ ಆರು ತಿಂಗಳಿಂದ ಸೋಫಾದ ಮೇಲೆ ಬಿದ್ದುಕೊಂಡಿದ್ದಳು. ಜಪಾನಿನ ಊರೂರಲ್ಲೂ ಶಾಖೆ ಇರುವ ಇಂಗ್ಲಿಷ್ ಶಾಲೆಯಂತೆ. ಸಂಜೆ ಹೊತ್ತು ಮಕ್ಕಳಿಗೂ ಆಫೀಸಿಗೆ ಹೋಗುವವರಿಗೂ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾರಂತೆ. ಒಂದು ವರ್ಷದ ಕಾಂಟ್ರಾಕ್ಟ್. ಯಾವ ಡಿಗ್ರಿಯಾದರೂ ನಡೆಯುತ್ತದೆ, ಟೀಚಿಂಗ್ ಅರ್ಹತೆ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು ಎಂದು ಬರೆದಿತ್ತು. 'ಇದ್ದರೆ ಒಳ್ಳೆಯದು' ಎಂಬ ಆ ಎರಡು ಪದಗಳನ್ನು ನಾನು ರಾತ್ರಿಯಿಡೀ ಜಪ ಮಾಡಿದೆ. ಏನೂ ಇಲ್ಲದವರನ್ನೇ ತೆಗೆದುಕೊಳ್ಳುವವರು ಎಲ್ಲ ಇರುವ ನನ್ನನ್ನು ಬಿಡುತ್ತಾರೆಯೇ?

ಒಂದು ವರ್ಷ ತಾನೇ, ಹೋಗಿ ಬಾ, ಅಡುಗೆ ನಾನು ಮಾಡಿಕೊಳ್ಳುತ್ತೇನೆ ಎಂದು ಲಕ್ಷ್ಮೀಶ ನಗುತ್ತಲೇ ಒಪ್ಪಿದರು. ಮೂರು ಸಂಜೆ ಕೂತು ನಾನು ಅರ್ಜಿ ತುಂಬಿದೆ. ಇಂಟರ್ವ್ಯೂ ಇದ್ದದ್ದು ಸಿಡ್ನಿಯಲ್ಲಿ. ಅಮ್ಮನಿಗೆ ಜೊತೆಯಾಗಲಿ ಎಂದು ಸಿಂಚನಾ ಕೂಡ ಫೋನಿನಲ್ಲೇ ಹತ್ತು ನಿಮಿಷದಲ್ಲಿ ಒಂದು ಅರ್ಜಿ ಒತ್ತಿ ಕಳಿಸಿದಳು. ಇಬ್ಬರನ್ನೂ ಕರೆದರು.

ಹಿಂದಿನ ದಿನವೇ ಹೋಗಿ ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನಲ್ಲಿ ನಾದಿನಿ ನಿವೇದಿತಾಳ ಹೊಸ ಮನೆಯಲ್ಲಿ ಇಳಿದುಕೊಂಡೆವು. ಪ್ರತಿಯೊಬ್ಬರೂ ಐದು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ಎದುರಿಗೆ ಆರು ವರ್ಷದ ಜಪಾನಿ ಮಕ್ಕಳಿದ್ದಾರೆ ಎಂದುಕೊಳ್ಳಬೇಕು, ವಿಷಯ ಮಳೆ ಬಿಸಿಲು. ನೀನೇನು ಮಾಡುತ್ತೀಯೆ ಎಂದು ಸಿಂಚನಾಳನ್ನು ಕೇಳಿದರೆ ಅಂಬ್ರೆಲಾ ಎಂದರೇನು ಎಂದು ವಿವರಿಸುತ್ತಾಳಂತೆ, ಇಂಗ್ಲಿಷೇ ಬಾರದ ಮಕ್ಕಳಿಗೆ, ಇಂಗ್ಲಿಷಿನಲ್ಲಿ. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ನಾಲ್ಕು ಸಲ ಪಾಠ ಮಾಡಿಸಿದೆ.

"ಮೊದ್ಲು ಛತ್ರಿ ತೋರ್ಸು, ಆಮೇಲೆ ಹೆಸರು ಹೇಳು, ಹೇಳಿ ಸುಮ್ನಾಗು. ಮಕ್ಳು ಬಾಯಿ ಬಿಡೋವರ್ಗೂ ನೀನು ಬಾಯಿ ಬಿಡ್ಬೇಡ" ಎಂದೆ.

ಆಮೇಲೆ ಟೋಪಿ ಹಿಡಿದು ಬೇಕೆಂದೇ ಅಂಬ್ರೆಲಾ ಎನ್ನು, ಮಕ್ಕಳು ನೋ ನೋ ಎಂದು ಕೂಗಿ ನಿನ್ನನ್ನು ತಿದ್ದಲಿ, ಟೀಚರನ್ನು ತಿದ್ದುವ ಖುಷಿಯಲ್ಲಿ ಪದ ತಾನಾಗಿ ಬಾಯಿಗೆ ಬರುತ್ತದೆ ಎಂದೂ ಹೇಳಿಕೊಟ್ಟೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಹದಿಮೂರು ವರ್ಷದಲ್ಲಿ ನಾನೇ ಕಂಡುಕೊಂಡದ್ದು. ಮೂರನೇ ಸಲಕ್ಕೆ ಅವಳಿಗೆ ಅದರ ರುಚಿ ಹತ್ತಿತು. ನಿವೇದಿತಾ ನೋ ನೋ ಎಂದು ಕೂಗುವ ಮಗುವಾದಳು, ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಸಂತೋಷ ನನಗೆ ಆಸ್ಟ್ರೇಲಿಯಾದಲ್ಲಿ ಬೇರೆ ಯಾವತ್ತೂ ಆಗಿಲ್ಲ.

ಮರುದಿನ ಊರೊಳಗಿನ ಹೋಟೆಲಿನ ಹಾಲಿನಲ್ಲಿ ಹದಿನಾಲ್ಕು ಜನರಿದ್ದೆವು. ಹೆಚ್ಚಿನವರು ಸಿಂಚನಾಳ ವಯಸ್ಸಿನವರು, ಕೈಯಲ್ಲಿ ಫೋನು ಬಿಟ್ಟರೆ ಏನಿಲ್ಲ. ಸಿಂಚನಾ ಟೋಪಿ ಎತ್ತಿ ಹಿಡಿದು ಅಂಬ್ರೆಲಾ ಎಂದಾಗ ಹಾಲಿಗೆ ಹಾಲೇ ನೋ ಎಂದು ಕೂಗಿತು. ನನ್ನದೂ ಚೆನ್ನಾಗಿಯೇ ಆಯಿತು. ನೀವು ನಿಜವಾದ ಟೀಚರ್ ಅಲ್ಲವೇ ಎಂದು ಪಕ್ಕದ ಹುಡುಗ ಕೇಳಿದ. ಹೌದಪ್ಪ ಎಂದೆ. ಗೆದ್ದೆ ಎಂದೇ ಅಂದುಕೊಂಡೆ.

ಊಟವಾದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಕೂತಿದ್ದವಳು ಬ್ರೊನ್ವಿನ್ ಎಂಬ ಹುಡುಗಿ, ಹೆಚ್ಚೆಂದರೆ ಇಪ್ಪತ್ತಾರು. ಡಿಗ್ರಿ ಸರ್ಟಿಫಿಕೇಟಿನ ಕಾಪಿ ಕೊಡಿ ಎಂದಳು. ಅಷ್ಟೇ ಅವಳು ಕೇಳಿದ್ದು. ನಾನು ಫೈಲನ್ನೇ ಮುಂದಿಟ್ಟೆ. ಕೆಲಸಕ್ಕೆ ಫೈಲು ಎಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಶುರುವಾಗಬೇಕು, ಆಮೇಲೆ ಪಿಯುಸಿ, ಆಮೇಲೆ ಡಿಗ್ರಿ, ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ. ಅವಳು ಮೊದಲನೆಯ ಹಾಳೆ ತಿರುಗಿಸಿ, ಈ ಲಿಪಿ ಯಾವುದು, ಎಷ್ಟು ಮುದ್ದಾಗಿದೆ ಎಂದಳು.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಕನ್ನಡ ಎಂದಷ್ಟೇ ಹೇಳಬೇಕಿತ್ತು. ಆದರೆ ನನಗೆ ಉತ್ಸಾಹ ಬಂದುಬಿಟ್ಟಿತು. ಅರಸೀಕೆರೆಯ ಸರ್ಕಾರಿ ಶಾಲೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಗೆ ಹೋದಾಗ ಇಂಗ್ಲಿಷಿನಲ್ಲಿ ಒಂದು ವಾಕ್ಯ ನೆಟ್ಟಗೆ ಬಾರದೆ ಅತ್ತದ್ದು, ಐದೇ ವರ್ಷದಲ್ಲಿ ಎಂ.ಎ. ಇಂಗ್ಲಿಷಿಗೆ ಸೇರಿದ್ದು, ರ್‍ಯಾಂಕು. ಊರಿನಲ್ಲಿ ಯಾವ ಇಂಟರ್ವ್ಯೂನಲ್ಲಿ ಇದನ್ನು ಹೇಳಿದರೂ ಎದುರಿಗಿದ್ದವರು ಶಹಬ್ಬಾಸ್ ಎನ್ನುತ್ತಿದ್ದರು. ಸ್ಕೂಲ್ ಡೇ ದಿನ ಸ್ಟೇಜಿನ ಮೇಲೆ ನಿಂತು ಹೇಳಿದರೆ ಹಿಂದಿನ ಸಾಲಿನ ತಂದೆತಾಯಿಗಳು ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಈ ಹುಡುಗಿಗೂ ಅದನ್ನೇ ಹೇಳಿದೆ, ಎದೆ ಉಬ್ಬಿಸಿಕೊಂಡು. ಅವಳು ಪೆನ್ನು ಕೆಳಗಿಟ್ಟಳು. ಹಾಗಾದರೆ ಹತ್ತು ವರ್ಷ ನಿಮಗೆ ಇಂಗ್ಲಿಷಿನಲ್ಲಿ ಪಾಠ ಆಗಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಇಂಗ್ಲಿಷ್ ಪಿರಿಯಡ್ ಒಂದು ಬಿಟ್ಟು ಏನೇನೂ ಇಲ್ಲ ಎಂದೆ. ಮೂರ್ಖಳ ಹಾಗೆ ನಗುತ್ತಿದ್ದೆ ಬೇರೆ.

ಅವರ ಸಂಸ್ಥೆಯಲ್ಲಿ ಒಂದು ನಿಯಮವಂತೆ. ಕನಿಷ್ಠ ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿರಬೇಕು. ಪಿಯುಸಿಯಿಂದ ಲೆಕ್ಕ ಹಾಕಿದರೆ ನನ್ನದು ಎಂಟೇ. ನನ್ನದು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಎಂದೆ. ಅದು ಸರಿ ಎಂದಳು. ಎಂ.ಎ. ಇಂಗ್ಲಿಷ್ ಎಂದೆ. ಅರ್ಜಿಯಲ್ಲಿ ನೋಡಿದೆ ಎಂದಳು. ಕೊನೆಗೆ ಮಾನ ಮರ್ಯಾದೆ ಬಿಟ್ಟು, ನನ್ನ ಬಿ.ಎಡ್.ಗೆ, ಹದಿಮೂರು ವರ್ಷದ ಅನುಭವಕ್ಕೆ ನಿಮ್ಮಲ್ಲಿ ಏನೂ ಬೆಲೆ ಇಲ್ಲವೇ ಎಂದು ಕೇಳಿದೆ. ಆ ಹುಡುಗಿ ಸುಳ್ಳು ಹೇಳಲಿಲ್ಲ.

"ವೀ ಹ್ಯಾವ್ ಅವರ್ ಓನ್ ಬುಕ್. ಎವ್ರಿಥಿಂಗ್ ಈಸ್ ಇನ್ ದ ಬುಕ್. ಟ್ರೇನ್ಡ್ ಟೀಚರ್ಸ್ ಸಮ್‌ಟೈಮ್ಸ್ ಫೈಂಡ್ ಇಟ್ ಹಾರ್ಡರ್" ಎಂದಳು.

ಎಷ್ಟು ಮೃದುವಾಗಿ ಹೇಳಿದಳೆಂದರೆ ಬೈಯಲೂ ಆಗಲಿಲ್ಲ. ಉಳಿದ ಹಾಳೆಗಳನ್ನು ತಿರುಗಿಸದೆ ಫೈಲು ನನ್ನ ಕಡೆ ತಳ್ಳಿದಳು. ಅದರಲ್ಲಿ ಬಿ.ಎಡ್. ಐದನೆಯ ಹಾಳೆ.

ವಾಪಸ್ ಬರುವ ಟ್ರೇನಿನಲ್ಲಿ ಸಿಂಚನಾ, ಅವಳು ಕೇಳಲೇ ಇಲ್ಲವಲ್ಲಮ್ಮ, ನೀನಾಗೇ ಯಾಕೆ ಹೇಳಲು ಹೋದೆ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಲ ಕೇಳಿದಳು. ಬದುಕಿನಲ್ಲಿ ನಾನು ಗೆದ್ದದ್ದು ಅದೊಂದನ್ನೇ, ಅದನ್ನು ಮುಚ್ಚಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಹತ್ತು ದಿನಕ್ಕೆ ಸಿಂಚನಾಳಿಗೆ ಆಫರ್ ಬಂತು. ನೀನು ಹುಟ್ಟು ಟೀಚರ್, ಆ ಟೋಪಿಯ ಪಾಠ ನಮಗೆ ಬಹಳ ಹಿಡಿಸಿತು ಎಂದು ಮೇಲ್‌ನಲ್ಲಿ ಬರೆದಿದ್ದರು. ಲಕ್ಷ್ಮೀಶ ಅಮ್ಮನ ಮಗಳು ಎಂದು ಕುಣಿದಾಡಿ ಸಿಡ್ನಿಯ ನಿವೇದಿತಾಳಿಗೆ ಫೋನ್ ಮಾಡಿದರು. ನಾನು ಕೇಸರಿಬಾತ್ ಮಾಡಿದೆ. ಸೌಟು ತಿರುಗಿಸುತ್ತ ನನ್ನೊಳಗೆ ಇದ್ದದ್ದು ಹೊಟ್ಟೆಕಿಚ್ಚು, ಹೆತ್ತ ಮಗಳ ಮೇಲೆ. ಅವಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಬೇಕೆಂದು ಮೈಸೂರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅರ್ಜಿಗೆ ಕ್ಯೂ ನಿಂತವಳು ನಾನು. ಹನ್ನೆರಡು ವರ್ಷ ಅವಳಿಗೆ ಭರ್ತಿಯಾಗಿತ್ತು. ನಾನೇ ಭರ್ತಿ ಮಾಡಿಸಿದ್ದೆ.

ಅವಳು ಹೊರಡುವುದಕ್ಕೆ ನಾಲ್ಕು ದಿನವಿತ್ತು. ಭಾನುವಾರ ಮಧ್ಯಾಹ್ನ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಹೋದ ಮೇಲೆ ಐದೇ ದಿನ ತರಬೇತಿ, ಆರನೇ ದಿನ ಹನ್ನೆರಡು ಮಕ್ಕಳ ಕ್ಲಾಸು. ಬರಿಯ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಅವತ್ತು ಕನ್ನಡದಲ್ಲಿ ಮಾತಾಡಿದಳು.

"ಅಮ್ಮ, ಹೇಳ್ಕೊಡು. ಆ ಒಂದು ಪಾಠ ಬಿಟ್ರೆ ನಂಗೆ ಏನೂ ಬರಲ್ಲ. ಭಯ ಆಗ್ತಿದೆ."

ಆ ಮುಖ ನನಗೆ ಗೊತ್ತು. ಪರೀಕ್ಷೆಯ ಹಿಂದಿನ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುವ ಮಕ್ಕಳ ಮುಖ. ಏನು ಹೇಳಬೇಕೋ ಅದೂ ಗೊತ್ತಿತ್ತು. ಮೊದಲ ದಿನ ಎಲ್ಲರ ಹೆಸರು ಕಲಿ, ಸುಮ್ಮನಿರುವ ಮಗುವಿನ ಪಕ್ಕಕ್ಕೆ ಹೋಗಿ ನಿಲ್ಲು, ಇಂಥವು ಹತ್ತು ಹದಿನೈದು ಮಾತು ನಾಲಿಗೆಯ ತುದಿಯಲ್ಲೇ ಇದ್ದವು.

"ನಿಮ್ ಬುಕ್ಕಲ್ಲೇ ಎಲ್ಲಾ ಇರತ್ತಂತಲ್ಲ. ಅದನ್ನೇ ಓದ್ಕೊ ಹೋಗು" ಎಂದೆ.

ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನಗುತ್ತ ಲ್ಯಾಪ್‌ಟಾಪ್ ತೆರೆದಳು. ನಾನು ತಲೆ ಎತ್ತಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ತನ್ನ ರೂಮಿಗೆ ಹೋದಳು. ಸೋಮವಾರ ಹೇಳಬಹುದಿತ್ತು, ಮಂಗಳವಾರ ಹೇಳಬಹುದಿತ್ತು. ಗುರುವಾರ ಏರ್‌ಪೋರ್ಟಿನಲ್ಲಿ ಅವಳು ನನ್ನನ್ನು ತಬ್ಬಿಕೊಂಡು ನಿಂತಾಗಲೂ ಹೇಳಬಹುದಿತ್ತು. ಹುಷಾರು ಎಂದಷ್ಟೇ ಹೇಳಿದೆ.

ಹದಿಮೂರು ವರ್ಷದಲ್ಲಿ, ಅರ್ಥವಾಗಲಿಲ್ಲ ಮಿಸ್ ಎಂದು ಬಂದ ಒಂದು ಮಗುವನ್ನೂ ನಾನು ಬರಿಗೈಯಲ್ಲಿ ವಾಪಸ್ ಕಳಿಸಿರಲಿಲ್ಲ. ಹಾಗೆ ಕಳಿಸಿದ್ದು ನನ್ನ ಮಗಳನ್ನೇ ಮೊದಲು.