ದಾಕ್ಷಾಯಿಣಿಯ ಪಗಾರ

ಪಗಾರದ ಮಾತನ್ನು ಮೊದಲು ತೆಗೆದವರು ಮುರುಗೆಪ್ಪ ಕಾಕಾ. ವಿದ್ಯಾನಗರದಲ್ಲಿರುವ ಬಸವಕಿರಣನ ಚಷ್ಮಾದ ಅಂಗಡಿಯ ಲೆಕ್ಕಪತ್ರವನ್ನು ಪ್ರತಿ ವರ್ಷ ನೋಡಿ ತೆರಿಗೆ ತುಂಬಿಸುತ್ತಿದ್ದವರು ಅವರೇ. ಅಂದು ಅವರು ಬಂದು ಕುಳಿತಾಗ ಬಸವಕಿರಣನ ಹೆಂಡತಿ ದಾಕ್ಷಾಯಿಣಿ ಒಬ್ಬ ಮುದುಕಿಯ ಮೂಗಿನ ಮೇಲೆ ಫ್ರೇಮ್ ಇಟ್ಟು ಕನ್ನಡಿ ಹಿಡಿದಿದ್ದಳು.

“ಏನಪಾ, ಹೆಂಡ್ತೀನ್ನ ಬಿಟ್ಟಿ ದುಡಿಸಾಕತ್ತೀಯಲ್ಲ?”

“ಬಿಟ್ಟಿ ಯಾಕ ಕಾಕಾ? ಮನೀ ಅಂಗಡಿ.”

“ಮನೀದು ಮನ್ಯಾಗ. ಈಕೀನೂ ನಿನ್ನಂಗ ಚಷ್ಮಾದ ಕೋರ್ಸ್ ಮಾಡಿದಾಕಿ ಹೌದಲ್ಲ? ಕಲತ ಕೆಲಸಾನ ಮಾಡಾಕತ್ತಾಳ. ಪಗಾರ ಕೊಡು, ಬ್ಯಾಂಕಿನ್ಯಾಗ ಹಾಕು, ಖರ್ಚಿನ್ಯಾಗ ತೋರಸು. ಆದ್ರ ಹೊರಗಿನವರಿಗೆ ಎಷ್ಟ ಕೊಡ್ತಿದ್ದಿ ಅಷ್ಟ ಕೊಡಬೇಕು. ಮತ್ತ ಖರೇನ ಕೆಲಸಾ ಮಾಡಿರಬೇಕು. ಬರೇ ಕಾಗದದ ಮ್ಯಾಲಿನ ಪಗಾರ ನಡ್ಯಾಂಗಿಲ್ಲ.”

ದಾಕ್ಷಾಯಿಣಿ ಕನ್ನಡಿ ಕೆಳಗಿಟ್ಟು ತಿರುಗಿದಳು. “ಕಾಕಾ, ಸ್ವಲ್ಪ ಜೋರಾಗಿ ಹೇಳ್ರಿ. ನಮ್ಮ ಮನಿಯವರಿಗೆ ಇಂಥಾ ಮಾತಿಗೆ ಕಿವಿ ಮಂದ ಐತಿ.”

ಬಸವಕಿರಣನೂ ನಕ್ಕ. ಅವನ ಪಾಲಿಗೆ ಅದು ತೆರಿಗೆಯ ಒಂದು ವ್ಯವಸ್ಥೆ ಮಾತ್ರ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದ ದಾಕ್ಷಾಯಿಣಿ, ಮಗಳು ಕಾಲೇಜಿಗೆ ಹೋಗತೊಡಗಿದ ಮೇಲೆ ಬೇಸರ ಕಳೆಯಲು ಅಂಗಡಿಗೆ ಬರುತ್ತಿದ್ದಾಳೆ ಎಂದೇ ಅವನು ತಿಳಿದಿದ್ದ. ಆದರೆ ಮೊದಲ ಪಗಾರ ಅವಳ ಖಾತೆಗೆ ಬಿದ್ದ ಮೇಲೆ ಅವಳು ಬೇರೆಯೇ ರೀತಿಯಲ್ಲಿ ಬರತೊಡಗಿದಳು. ಸಂಜೆ ನಾಲ್ಕು ಎಂದರೆ ನಾಲ್ಕಕ್ಕೆ ಕೌಂಟರಿನಲ್ಲಿರುತ್ತಿದ್ದಳು. ಸೀರೆಯ ಮೇಲೆ ಬಿಳಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ. ಎಲ್ಲಕ್ಕಿಂತ ಹೆಚ್ಚಾಗಿ, ಅಂಗಡಿಯಲ್ಲಿ ಅವನನ್ನು ‘ಸರ್’ ಎಂದು ಕರೆಯತೊಡಗಿದಳು. ಮೊದಲ ಸಲ ಹಾಗೆ ಕರೆದಾಗ ಅವನು ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ್ದ.

ಬಸವಕಿರಣ ಕಣ್ಣು ಪರೀಕ್ಷೆ ಮಾಡುತ್ತಿದ್ದದ್ದು ಹಿಂದಿನ ಕತ್ತಲೆ ಕೋಣೆಯಲ್ಲಿ. ಅಲ್ಲಿ ಗೋಡೆಯ ಅಕ್ಷರದ ಹಲಗೆಯ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಕೌಂಟರಿಗೂ ಅದಕ್ಕೂ ನಡುವೆ ಒಂದು ದಪ್ಪ ಪರದೆ. ಕತ್ತಲೆಯಲ್ಲಿ ಕಣ್ಣಿಗೆ ಕೆಲಸ ಕಡಿಮೆಯಾದಾಗ ಕಿವಿ ಚುರುಕಾಗುತ್ತದೆಂಬುದು ಅವನಿಗೆ ಹೊಸ ವಿಷಯವಲ್ಲ. ಆದರೆ ಕೌಂಟರಿನ ಮಾತಿಗೆ ಅವನು ಎಂದೂ ಕಿವಿಗೊಟ್ಟಿರಲಿಲ್ಲ. ಈಗ ಕೊಡತೊಡಗಿದ. ದಾಕ್ಷಾಯಿಣಿ ಗಿರಾಕಿಗಳ ಜೊತೆ ನಗುತ್ತಿದ್ದಳು. ಮನೆಯಲ್ಲಿ ಅವಳು ನಗುವುದೇ ಇಲ್ಲ ಎಂದಲ್ಲ. ನಕ್ಕರೆ ಟೀವಿಯ ಕಡೆ ನೋಡಿ ನಗುತ್ತಿದ್ದಳು. ಇಲ್ಲಿನ ನಗು ಎದುರಿಗಿದ್ದವರ ಮುಖಕ್ಕೇ ಸಲ್ಲುತ್ತಿತ್ತು. ತಿಂಗಳ ಕೊನೆಗೆ ಆ ನಗುವಿಗೆ ದುಡ್ಡು ಕೊಡುವವನು ಮಾತ್ರ ಪರದೆಯ ಈಚೆಗೆ ಕುಳಿತಿರುತ್ತಿದ್ದ.

ಹೀಗಿರುವಾಗ ವಿಜಯೀಂದ್ರ ಬಂದರು.

ಧಾರವಾಡದವರು, ಮನೆ ಕೆಲಗೇರಿಯಲ್ಲಿ. ಕಟ್ಟಡಗಳ ನಕ್ಷೆ ಬರೆದುಕೊಡುವ ಉದ್ಯೋಗ. ವಿದ್ಯಾನಗರದಲ್ಲಿ ಯಾರದೋ ಮನೆ ಕಟ್ಟಿಸುವ ಕೆಲಸ ನೋಡಲು ಬಂದವರು ಅಂಗಡಿ ಕಂಡು ಒಳಗೆ ಬಂದಿದ್ದರು. ನಲವತ್ತೈದರ ಆಸುಪಾಸು, ಮಡಿಕೆ ಮುರಿಯದ ಅಂಗಿ, ತೂಕವಿದ್ದ ದನಿ. ಬಸವಕಿರಣ ಕುರ್ಚಿಯಲ್ಲಿ ಕೂರಿಸಿ ದೀಪ ಆರಿಸಿದ ಕೂಡಲೇ ಪರದೆಯ ಕಡೆ ಮುಖ ಮಾಡಿ ಹೇಳಿದರು:

“ಮೇಡಂ, ನಿಮ್ಮ ಸರ್ ನನ್ನ ಕತ್ತಲ್ಯಾಗ ಕೂಡಿಸ್ಯಾರ. ಪೊಲೀಸರು ಬಾಯಿ ಬಿಡಿಸ್ತಾರಲ್ಲ, ಹಂಗ ಅನಸ್ಲಿಕ್ಕತ್ತದ.”

“ಒಪ್ಕೊಂಡು ಬಿಡ್ರಿ ಸರ್, ನಂಬರ್ ಲಗೂ ಸಿಗತೈತಿ,” ಎಂದಳು ದಾಕ್ಷಾಯಿಣಿ ಆಚೆಯಿಂದ. ಆಮೇಲೆ ಆ ನಗು.

“ಕೆಳಗಿನ ಸಾಲು ಓದ್ರಿ,” ಎಂದ ಬಸವಕಿರಣ.

ಚಷ್ಮಾ ತಯಾರಾಗಿ ಬಂದ ದಿನ ಅವನು ಹೊರಗೆ ಬರಲಿಲ್ಲ. ದಾಕ್ಷಾಯಿಣಿಯೇ ಕೊಟ್ಟು ಕಳಿಸಿದಳು. ವಾರದೊಳಗೆ ವಿಜಯೀಂದ್ರ ಮರಳಿ ಬಂದರು.

“ನೆಲಾ ಒಂದ್ ಕಡೆ ವಾಲಿಧಂಗ ಕಾಣ್ತದರಿ. ನಾ ಬರದ ಚೌಕ ನನಗs ಚೌಕ ಅನಸವಲ್ದು.”

“ಹೊಸಾ ನಂಬರ್ ಐತಿ. ಒಂದ್ ವಾರಾ ಹಾಕೋರಿ, ರೂಢಿ ಆಕ್ಕೈತಿ,” ಎಂದ ಬಸವಕಿರಣ, ಕೋಣೆಯ ಬಾಗಿಲಲ್ಲೇ ನಿಂತು. ಚಷ್ಮಾದವರೆಲ್ಲ ಹೇಳುವ ಮಾತು ಅದು. ಬಹಳ ಮಂದಿಯ ವಿಷಯದಲ್ಲಿ ನಿಜವೂ ಆಗುತ್ತದೆ.

ವಿಜಯೀಂದ್ರ ಫ್ರೇಮಿನ ಎಡಭಾಗವನ್ನು ಬೆರಳಿನಿಂದ ತುಸು ಎತ್ತಿ ಹಿಡಿದರು. “ಹಿಂಗ ಎತ್ತಿದ್ರ ಸ್ವಲ್ಪ ಛಲೋ ಕಾಣ್ತದ ನೋಡ್ರಿ, ಮೇಡಂ.”

ದಾಕ್ಷಾಯಿಣಿ ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಅವರಿಗೆ ತೊಡಿಸಿ, ಎರಡೂ ಕಿವಿಗಳ ಹಿಂದೆ ಬೆರಳಾಡಿಸಿ ಸರಿಯಾಗಿ ಕೂತಿದೆಯೇ ಎಂದು ನೋಡಿದಳು. ಆ ಬೆರಳುಗಳನ್ನು ಬಸವಕಿರಣ ಪರದೆಯ ಸಂದಿನಿಂದ ನೋಡಿದ. ಎಲ್ಲ ಗಿರಾಕಿಗಳಿಗೂ ಹಾಗೆಯೇ ಮಾಡುತ್ತಾಳೆ, ಮಾಡಲೇಬೇಕು, ಅವನೂ ಕಾಲೇಜಿನಲ್ಲಿ ಕಲಿತದ್ದು ಅದನ್ನೇ. ಇದೆಲ್ಲ ತಿಳಿದಿದ್ದರೂ ಅವನು ಸಂದಿನಿಂದ ಕಣ್ಣು ತೆಗೆಯಲಿಲ್ಲ.

ವಿಜಯೀಂದ್ರ ಮತ್ತೆ ಬಂದರು. ಮೇಡಂ ತಿದ್ದಿಕೊಟ್ಟ ಮೇಲೆ ಎರಡು ದಿನ ಚೆನ್ನಾಗಿತ್ತು, ಆಮೇಲೆ ಫ್ರೇಮ್ ಮೊದಲಿನಂತೆ ಇಳಿಯಿತು ಎಂದರು. ದಾಕ್ಷಾಯಿಣಿ ಮತ್ತೆ ತಿದ್ದಿದಳು. ಧಾರವಾಡದಲ್ಲಿ ಚಷ್ಮಾದ ಅಂಗಡಿಗಳೇ ಇಲ್ಲವೇ ಎಂದು ಬಸವಕಿರಣ ತನ್ನಷ್ಟಕ್ಕೆ ಕೇಳಿಕೊಂಡ. ಕಡ್ಡಿ ಬಗ್ಗಿಸಲು ಯಾರಾದರೂ ಬಸ್ಸು ಹತ್ತಿ ಇಷ್ಟು ದೂರ ಬರುತ್ತಾರೆಯೇ?

ಅವನೂ ಚಷ್ಮಾ ಹಾಕುವವನೇ. ಒಂದು ಸಂಜೆ ಬೇಕೆಂದೇ ತನ್ನ ಫ್ರೇಮಿನ ಸ್ಕ್ರೂ ಸಡಿಲಿಸಿಕೊಂಡು ಕೌಂಟರಿನ ಮುಂದೆ ಹೋಗಿ ನಿಂತ.

“ನಂದೂ ಸಡಲ ಆಗೇತಿ ನೋಡು.”

ದಾಕ್ಷಾಯಿಣಿ ತಲೆ ಎತ್ತಲಿಲ್ಲ. “ಸ್ಕ್ರೂಡ್ರೈವರ್ ನಿಮ್ಮ ಟೇಬಲ್ ಮ್ಯಾಲ ಐತಿ, ಸರ್. ಗಿರಾಕಿ ನಿಂತಾರ.”

ಚಷ್ಮಾ ತಿದ್ದಿಸಲು ಮೂರನೆಯ ಸಲ ವಿಜಯೀಂದ್ರ ಬಂದು ಹೋದ ದಿನ, ಅಂಗಡಿ ಮುಚ್ಚುವಾಗ ಬಸವಕಿರಣನ ಬಾಯಿಂದ ಮಾತು ಹೊರಬಿತ್ತು.

“ನಿನ್ನ ಕೈ ಹತ್ತಲಿಲ್ಲಂದ್ರ ಆ ಮನಶ್ಯಾನ ಚಷ್ಮಾ ಮೂಗಿನ ಮ್ಯಾಲ ನಿಂದ್ರೂದs ಇಲ್ಲೇನು?”

ದಾಕ್ಷಾಯಿಣಿ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ಏನಂದ್ರಿ?”

“ಕೆಲಗೇರಿಯಿಂದ ಇಲ್ಲೀತನಾ ಬರ್ತಾನ. ನಕ್ಕೊಂತ ಬರ್ತಾನ, ನಕ್ಕೊಂತ ಹೋಗ್ತಾನ.”

“ನೆಲಾ ವಾಲತೈತಿ ಅಂತಾರ ಅವರು. ಒಮ್ಮೆ ಕೂಡಿಸಿ ಕಣ್ಣು ನೋಡ್ರಿ ಅಂತ ನಾನೂ ಎರಡ ಸಲ ಹೇಳೀನಿ ನಿಮಗ.”

“ಅವನ ಕಣ್ಣಿಗೆ ಏನೂ ಆಗಿಲ್ಲ. ಕಣ್ಣು ಎಲ್ಲಿ ಐತಿ ಅಂತ ನನಗ ಗೊತ್ತೈತಿ.”

ಅವಳು ತಿರುಗಿ ಉಳಿದ ಗುಂಡಿಗಳನ್ನು ಬಿಚ್ಚಿದಳು. ಅದನ್ನು ಬಸವಕಿರಣ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ, ಧೈರ್ಯ ಬಂತು.

“ಒಂದನೇ ತಾರೀಖಿಂದ ನೀ ಅಂಗಡಿಗೆ ಬರೂದು ಬ್ಯಾಡ. ಬ್ಯಾರೇ ಹುಡುಗೀನ್ನ ನೋಡತೇನಿ. ಪಗಾರಕ್ಕ ಚಿಂತಿ ಮಾಡಬ್ಯಾಡ, ಅದು ಹಂಗs ನಿನ್ನ ಖಾತೇಕ್ಕ ಬೀಳತೈತಿ.”

ಇದು ತನ್ನ ಉದಾರತನ ಎಂದೇ ಅವನಿಗೆ ಅನಿಸಿತ್ತು.

“ಕೆಲಸಾ ಮಾಡದ ಪಗಾರ,” ಎಂದಳು ದಾಕ್ಷಾಯಿಣಿ. “ಮನ್ಯಾಗ ಸುಮ್ನ ಕುಂದ್ರೂದಕ್ಕೇನು? ಅದಕ್ಕ ಏನಂತ ಹೆಸರು ಬರಸ್ತೀರಿ ಕಾಕಾನ ಕಡೆ?”

ಕೋಟನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮರುದಿನವೂ ಅವಳು ನಾಲ್ಕಕ್ಕೇ ಬಂದಳು, ‘ಸರ್’ ಎಂದೇ ಕರೆದಳು. ಅವಳು ತಣ್ಣಗಾಗಿದ್ದಾಳೆ, ಒಪ್ಪಿಕೊಂಡಿದ್ದಾಳೆ ಎಂದು ಬಸವಕಿರಣ ಅಂದುಕೊಂಡ.

ತಿಂಗಳ ಕೊನೆಯ ಶನಿವಾರ ವಿಜಯೀಂದ್ರ ಮತ್ತೆ ಬಂದರು. ಈ ಸಲ ನಗುತ್ತಿರಲಿಲ್ಲ.

“ಮೇಡಂ, ಇನ್ನೊಮ್ಮೆ ಸ್ವಲ್ಪ—”

“ನಾ ಮುಟ್ಟೂದಿಲ್ಲರಿ,” ಎಂದಳು ದಾಕ್ಷಾಯಿಣಿ ಸ್ಪಷ್ಟವಾಗಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ. “ಕಡ್ಡಿ ಬಗ್ಗಿಸಿದ್ರ ಆಗೂದಲ್ಲಿದು. ಒಳಗ ಹೋಗ್ರಿ, ಸರ್ ನೋಡ್ತಾರ.”

ಗಿರಾಕಿ ಪರದೆ ಸರಿಸಿ ಒಳಗೆ ಬಂದು ಕುರ್ಚಿಯಲ್ಲಿ ಕುಳಿತೇಬಿಟ್ಟ ಮೇಲೆ ಬಸವಕಿರಣನಿಗೆ ಬೇರೆ ದಾರಿ ಇರಲಿಲ್ಲ. ದೀಪ ಆರಿಸಿದ. ಪರೀಕ್ಷೆಯ ಫ್ರೇಮಿಗೆ ಲೆನ್ಸುಗಳನ್ನು ಹಾಕಿದ. ವಿಜಯೀಂದ್ರರ ಬಲಗಣ್ಣಿಗೆ ಸಿಲಿಂಡರ್ ನಂಬರ್ ಇತ್ತು. ಅಂಥ ಲೆನ್ಸಿಗೆ ಶಕ್ತಿ ಎಷ್ಟೆಂಬುದು ಮಾತ್ರ ಸಾಲದು, ಯಾವ ಕೋನಕ್ಕೆ ತಿರುಗಿಸಿ ಕೂರಿಸಬೇಕೆಂಬುದೂ ಬೇಕು. ತಾನು ಬರೆದುಕೊಟ್ಟಿದ್ದ ಎಂಬತ್ತು ಡಿಗ್ರಿಗೆ ಲೆನ್ಸನ್ನು ಇಟ್ಟ.

“ಈಗ?”

“ಇದs ನೋಡ್ರಿ. ಅಕ್ಷರಕ್ಕ ಬಾಲ ಬಂದಂಗ ಕಾಣ್ತದ.”

“ನೀವs ತಿರಗಸ್ರಿ. ಸ್ವಚ್ಛ ಕಂಡಲ್ಲಿ ನಿಲ್ಲಸ್ರಿ.”

ವಿಜಯೀಂದ್ರ ಪರೀಕ್ಷೆಯ ಫ್ರೇಮಿನ ಬದಿಯ ಗುಂಡಿಯನ್ನು ನಿಧಾನವಾಗಿ ತಿರುಗಿಸಿದರು. ಹಿಂದೆ ಮುಂದೆ ಮಾಡಿ ಒಂದು ಕಡೆ ನಿಲ್ಲಿಸಿದರು. “ಹಾಂ! ಇಲ್ಲೇ. ಕೆಳಗಿನ ಸಾಲೂ ಓದ್ಲಿಕ್ಕೆ ಬರ್ತದ.”

ಬಸವಕಿರಣ ಸಣ್ಣ ಬ್ಯಾಟರಿಯ ಬೆಳಕಿನಲ್ಲಿ ನೋಡಿದ. ನೂರು ಡಿಗ್ರಿ. ಗುಂಡಿಯನ್ನು ಬೇರೆಡೆಗೆ ಸರಿಸಿ ಮತ್ತೊಮ್ಮೆ ತಿರುಗಿಸಲು ಹೇಳಿದ. ಮತ್ತೆ ನೂರು. ತೊಂಬತ್ತರ ನೆಟ್ಟಗಿನ ಗೆರೆಯಿಂದ ಆಚೆಗೆ ಎಣಿಸಬೇಕಾದ ಹತ್ತು ಡಿಗ್ರಿಯನ್ನು ಅವನು ಈಚೆಗೆ ಎಣಿಸಿದ್ದ. ಮೊದಲ ವರ್ಷದ ವಿದ್ಯಾರ್ಥಿ ಮಾಡಿ ಬೈಸಿಕೊಳ್ಳುವಂಥ ತಪ್ಪು. ಅಂದು ಅಂಕಿ ನೋಡುತ್ತಿದ್ದಾಗ ಅವನ ಮನಸ್ಸು ಪರದೆಯ ಆಚೆಗಿತ್ತು. ದಾಕ್ಷಾಯಿಣಿ ಎಡಗಡೆ ಎತ್ತಿ ಬಗ್ಗಿಸಿದಾಗಲೆಲ್ಲ ಲೆನ್ಸು ತುಸುವೇ ಸರಿಯಾದ ಕೋನದ ಕಡೆ ತಿರುಗುತ್ತಿತ್ತು. ಅದಕ್ಕೇ ಎರಡು ದಿನದ ಸಮಾಧಾನ. ಈ ಮನುಷ್ಯನನ್ನು ಮತ್ತೆ ಮತ್ತೆ ಅವಳ ಬೆರಳುಗಳ ಬಳಿಗೆ ಕಳಿಸಿದವನು ಬಸವಕಿರಣನೇ.

ನಂಬರ್ ಬದಲಾಗಿದೆ ಎಂದು ಹೇಳಿ ಮುಗಿಸಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆಚೆ ಕೌಂಟರಿನಲ್ಲಿ ಸದ್ದೇ ಇರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ.

“ತಪ್ಪು ನಂದರಿ,” ಎಂದ. “ಕೋನ ತಪ್ಪು ಬರದೀನಿ. ಹೊಸಾ ಲೆನ್ಸ್ ಹಾಕಿಸಿ ಕೊಡತೇನಿ, ನೀವೇನೂ ಕೊಡೂದು ಬ್ಯಾಡ.”

ವಿಜಯೀಂದ್ರ ದೊಡ್ಡ ಉಸಿರು ಬಿಟ್ಟರು. “ಅಬ್ಬಾ! ನನ್ನ ತಲೀನs ಕೆಟ್ಟದ ಅಂತ ತಿಳಿದಿದ್ದೆ. ಸ್ಕ್ಯಾನ್ ಮಾಡಸ್ಲಿಕ್ಕೆ ಹೇಳ್ಯಾಳ ನನ್ನ ಹೆಂಡ್ತಿ, ಚೀಟೀನೂ ಬರಿಸಿಟ್ಟಾಳ. ಮೇಡಂ ಇರಲಿಲ್ಲಂದ್ರ ನಾ ಈ ಒಂದ್ ತಿಂಗಳು ನಕ್ಷೀ ಕೆಲಸಾನs ಮಾಡ್ತಿದ್ದಿಲ್ಲ.”

ಅವರು ಹೋದ ಮೇಲೆ ಬಸವಕಿರಣ ಹೊರಗೆ ಬಂದ. ದಾಕ್ಷಾಯಿಣಿ ಗಾಜಿನ ಮೇಲೆ ಬಟ್ಟೆಯಾಡಿಸುತ್ತಿದ್ದಳು. ತಪ್ಪು ಒಪ್ಪಿಕೊಂಡದ್ದರಿಂದ ಅವನ ಮನಸ್ಸು ಹಗುರಾಗಿತ್ತು. ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡ.

“ಒಂದನೇ ತಾರೀಖಿನ ಮಾತು ಬಿಟ್ಟುಬಿಡು. ದಿನಾ ಬರೂ ಹಂಗ ಬಾ.”

“ಆಗಂಗಿಲ್ಲರಿ.”

“ಯಾಕ?”

“ರಾಯಾಪುರದಾಗ ಹೊಸಾ ಚಷ್ಮಾದ ಅಂಗಡಿ ತಗದಾರಲ್ಲ, ಅವರು ಕರದಿದ್ರು. ನೀವು ಬ್ಯಾಡ ಅಂದ ಮರುದಿನ ಹೋಗಿ ಹೂಂ ಅಂದು ಬಂದೇನಿ.”

ಬಸವಕಿರಣನಿಗೆ ಮೊದಲು ಸಿಕ್ಕ ಪ್ರಶ್ನೆ ಅದೇ: “ಹೆಚ್ಚಿಗಿ ಕೊಡ್ತಾರೇನು?”

“ಒಂದ್ ಸಾವಿರ ಕಡಿಮಿ.”

“ಮತ್ತ್ಯಾಕ?”

“ಅಲ್ಲಿ ನಾ ಯಾರ ಜೋಡಿ ನಕ್ಕೆ ಅಂತ ಯಾರೂ ಎಣಸಾಂಗಿಲ್ಲ.”

ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು, ಧಾರವಾಡದ ಕಡೆಗೆ. ಅದು ರಾಯಾಪುರವನ್ನು ದಾಟಿಯೇ ಹೋಗಬೇಕು. ಆ ಅಂಗಡಿಯನ್ನು ಬಸವಕಿರಣ ನೋಡಿರಲಿಲ್ಲ. ಎಷ್ಟು ದೊಡ್ಡದೋ, ಮುಂದೆ ಗಾಜಿನ ಬಾಗಿಲಿರಬೇಕು, ಒಳಗೆ ಯಾರು ಯಾರೋ. ಇಲ್ಲಿ ಅವನ ಕಿವಿಗಾದರೂ ಬೀಳುತ್ತಿದ್ದ ನಗು ಇನ್ನು ಅಲ್ಲಿ ಯಾರದೋ ಎದುರಿಗೆ.

“ಅಲ್ಲಿ ಗಂಡಸರs ಇರ್ತಾರೇನು ಕೆಲಸಕ್ಕ?” ಎಂದು ಕೇಳಿಯೇಬಿಟ್ಟ.

ದಾಕ್ಷಾಯಿಣಿ ತಮ್ಮ ಅಂಗಡಿಯ ಹೆಸರು ಅಚ್ಚಾದ ಒಂದು ಹಾಳೆಯನ್ನು ಖಾನೆಯಿಂದ ತೆಗೆದು ಅವನ ಮುಂದಿಟ್ಟಳು.

“ಅನುಭವ ಪತ್ರ ಬೇಕಂತ ಅವರಿಗೆ. ನೀವs ಬರದು ಕೊಡಬೇಕಲ್ಲ, ಮಾಲಕರು.”

ಅವನು ನಿಂತೇ ಬರೆದ. ಇವರು ನಮ್ಮಲ್ಲಿ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಅರೆಕಾಲಿಕ ಕೆಲಸ ಮಾಡಿದ್ದಾರೆ, ಫ್ರೇಮ್ ಜೋಡಿಸುವುದರಲ್ಲಿಯೂ ಗಿರಾಕಿಗಳನ್ನು ನೋಡಿಕೊಳ್ಳುವುದರಲ್ಲಿಯೂ ನುರಿತವರು. ಸಹಿಗೆಂದು ಪೆನ್ನನ್ನು ಕೆಳಗೆ ಸರಿಸಿದ.

“ಇನ್ನ ಒಂದ್ ಸಾಲು ಇರಬೇಕ್ರಿ,” ಎಂದಳು ದಾಕ್ಷಾಯಿಣಿ. “ನಡತಿ ಬಗ್ಗೆ. ಎಲ್ಲಾರೂ ಬರೀತಾರ.”

ಅವನು ತಲೆ ಎತ್ತಿ ನೋಡಿದ. ಅವಳು ಕೋಟು ಬಿಚ್ಚಿರಲಿಲ್ಲ. ಹೆಸರಿನ ಪಟ್ಟಿಯೂ ಹಾಗೇ ಇತ್ತು. ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದ, ಸಿಗಲಿಲ್ಲ. ಕೆಲಸದ ವೇಳೆ ಮುಗಿಯುವ ಮುಂಚೆ ಒಂದು ಕಾಗದಕ್ಕಾಗಿ ಕಾಯುತ್ತಿದ್ದಳು, ಅಷ್ಟೇ.

ಬಸವಕಿರಣ ಬರೆದ: ಇವರ ನಡತೆ ಉತ್ತಮವಾಗಿತ್ತು.

ದಾಕ್ಷಾಯಿಣಿ ಸಹಿಯಾದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, ಅಂಗಡಿಯ ಮೊಹರನ್ನು ಅವನ ಕಡೆ ಸರಿಸಿದಳು.

“ಸಿಕ್ಕಾ ಹಾಕ್ರಿ, ಸರ್,” ಎಂದಳು.